ಪೋಕರಿನಲ್ಲಿ ಎಲೆ ಹಂಚುವವರು ತಪ್ಪಿದರೆ ಆಟ ರದ್ದಾಗುತ್ತದೆಯೇ?

ಮೂಡಿಗೆರೆಯ ತೋಟದ ಮನೆಯಲ್ಲಿ ಕಾಫಿ ಬೀಜ ಪಣವಿಟ್ಟು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್ ಆಡುವಾಗ ಈ ತಕರಾರು ಎದ್ದಿತೆಂದು ಬರೆದಿದ್ದೀರಿ. ಸಾಮಾನ್ಯ ನಿಯಮ ಹೀಗಿದೆ: ಹಂಚಿಕೆಯ ಮೊದಲ ಅಥವಾ ಎರಡನೆಯ ಎಲೆ ಮಗುಚಿ ಬಿದ್ದರೆ ಕಲಸಿ ಮತ್ತೆ ಹಂಚಬೇಕು. ಆಮೇಲಿನ ಒಂದು ಎಲೆಯಾದರೆ ಹಂಚಿಕೆ ಮುಗಿಸಿ, ಆ ಆಟಗಾರನಿಗೆ ಕಟ್ಟಿನ ಮೇಲಿನ ಎಲೆ ಕೊಡಿ. ತೆರೆದದ್ದು ಬರ್ನ್ ಎಲೆಯಾಗುತ್ತದೆ, ಅಂದರೆ ಮೇಜಿನ ಎಲೆಗಳನ್ನು ತೆರೆಯುವ ಮೊದಲು ಆಟಕ್ಕೆ ಸೇರಿಸದೆ ಬದಿಗಿಡುವ ಎಲೆ.

ನಿಜವಾದ ಜಗಳ ಫ್ಲಾಪ್‌ನದು, ಅಂದರೆ ಎಲ್ಲರಿಗೂ ಸೇರಿದಂತೆ ಮೇಜಿನ ನಡುವೆ ತೆರೆದಿಡುವ ಮೊದಲ ಮೂರು ಎಲೆಗಳದು. ಪಣದ ಸುತ್ತು ಮುಗಿಯುವ ಮೊದಲೇ ಮೂರು ಎಲೆ ತೆರೆದುಬಿಟ್ಟರೆ, ‘ಇರಲಿ ಬಿಡಿ’ ಎನ್ನುವವನು ಹೆಚ್ಚಾಗಿ ಜೋಡಿ ಸಿಕ್ಕವನೇ! ಕಿವಿಗೊಡಬೇಡಿ. ಬರ್ನ್ ಎಲೆ ಮೇಜಿನ ಮೇಲೆಯೇ ಇರಲಿ. ಸುತ್ತು ಮುಗಿಸಿ, ಆ ಮೂರನ್ನೂ ಉಳಿದ ಕಟ್ಟಿಗೆ ಸೇರಿಸಿ ಕಲಸಿ, ಇನ್ನೊಂದು ಎಲೆ ಬರ್ನ್ ಮಾಡದೆ ಹೊಸ ಫ್ಲಾಪ್ ತೆರೆಯಿರಿ. ತಪ್ಪು ಕಂಡ ಕೂಡಲೇ ಹೇಳಿ. ಮುಂದಿನ ಆಟಕ್ಕೆ ಎಲೆ ಕಲಸಲು ತೊಡಗಿದ ಮೇಲೆ ತಕರಾರು ನಡೆಯದು.