ಕಾಲರಾ ಮತ್ತೆ ಮತ್ತೆ ಬರುವುದೇಕೆ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂದೆರಡು ವರ್ಷಕ್ಕೊಮ್ಮೆ ಕಾಲರಾ ಕಾಣಿಸಿಕೊಳ್ಳುತ್ತದೆ. ಪ್ರತಿ ಸಲವೂ ಬೀದಿಗೆ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ, ನೀರು ಕಾಯಿಸಿ ಕುಡಿಯಿರಿ ಎನ್ನುತ್ತಾರೆ. ಆದರೂ ಯಾಕೆ ಹೋಗುತ್ತಿಲ್ಲ?

ಉತ್ತರ: ಚರಂಡಿ ಬದಿಗೆ ಪೌಡರ್ ಚೆಲ್ಲಿದರೆ ನೋಡುವವರಿಗೆ ಸಮಾಧಾನ, ಅಷ್ಟೇ. ಕಾಲರಾ ಬರುವುದು ಬಾಯಿಯ ಮೂಲಕ. ರೋಗಾಣುವಿರುವ ಮಲ ನೀರಿಗೋ ಊಟಕ್ಕೋ ಸೇರಿ ಹೊಟ್ಟೆಗೆ ಹೋಗಬೇಕು. ಹಾಗಾಗಿ ಆ ಪೌಡರಿನಲ್ಲಿರುವ, ರೋಗಾಣು ಕೊಲ್ಲುವ ಕ್ಲೋರಿನ್ ಇರಬೇಕಾದ್ದು ಕುಡಿಯುವ ನೀರಿನಲ್ಲಿ.

ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಇಲ್ಲವೇ ಸ್ವಲ್ಪ ಭೇದಿಯಾಗಿ ಸರಿಹೋಗುತ್ತದೆ. ಆದರೆ 1ರಿಂದ 10 ದಿನ ಅವರ ಮಲದಲ್ಲಿ ರೋಗಾಣು ಹೊರಬೀಳುತ್ತಲೇ ಇರುತ್ತದೆ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಇವರ್ಯಾರೂ ಲೆಕ್ಕಕ್ಕೆ ಸಿಗಲ್ಲ, ಅಲ್ವಾ?

ನಲ್ಲಿಯಲ್ಲಿ ನೀರು ಆಗಾಗ ಮಾತ್ರ ಬರುವ ಕಡೆ ಕೊಳವೆಯನ್ನೇ ಮೊದಲು ನೋಡಿ. ನೀರು ನಿಂತಾಗ ಒಳಗಿನ ಒತ್ತಡ ಇಳಿಯುತ್ತದೆ, ಬಿರುಕಿದ್ದರೆ ಪಕ್ಕದ ಚರಂಡಿಯ ಕೊಳೆ ಒಳಗೆ ನುಗ್ಗುತ್ತದೆ, ಮತ್ತೆ ನೀರು ಬಿಟ್ಟಾಗ ಅದೇ ಮನೆಮನೆಗೆ ಹೋಗುತ್ತದೆ. ಆ ಬಿರುಕು ಮುಚ್ಚುವವರೆಗೆ ನೀರು ಕಾಯಿಸಿ ಎಂದು ಎಷ್ಟು ಸಾರಿದರೂ ಕಾಯಿಲೆ ತಿರುಗಿ ಬರುತ್ತದೆ.

ಕಾಯಿಸಿದ ನೀರೂ ಪೂರ್ತಿ ರಕ್ಷಣೆಯಲ್ಲ. ಅಗಲ ಬಾಯಿಯ ಪಾತ್ರೆಗೆ ಕೈ ಸಮೇತ ಲೋಟ ಅದ್ದಿದರೆ ಅದು ಮತ್ತೆ ಕೆಡುತ್ತದೆ, ಏಕೆಂದರೆ ಅದರಲ್ಲಿ ರೋಗಾಣು ಕೊಲ್ಲುವಂಥದ್ದು ಏನೂ ಉಳಿದಿರುವುದಿಲ್ಲ. ಮುಚ್ಚಳ ಮತ್ತು ಕೆಳಗೊಂದು ನಲ್ಲಿ ಇರುವ ಪಾತ್ರೆ ಒಳ್ಳೆಯದು. ಕ್ಲೋರಿನ್ ಹಾಕುವುದಾದರೆ ಮನೆಯಲ್ಲಿ ಕುಡಿಯುವ ಹೊತ್ತಿಗೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಸುಮ್ನೆ ಅಂದಾಜಿಗೆ ಹಾಕಬೇಡಿ, ಪರೀಕ್ಷೆ ಮಾಡಿಸಿ.

ಒಬ್ಬರಿಗೆ ಕಾಲರಾ ಬಂದರೆ ಆ ವಾರ ಅದೇ ಮನೆಯವರಿಗೆ, ಅಕ್ಕಪಕ್ಕದವರಿಗೆ ಅಪಾಯ ಜಾಸ್ತಿ. ಸೋಪು, ಶುದ್ಧ ನೀರು, ಓಆರ್‌ಎಸ್ ಮೊದಲು ಅಲ್ಲಿಗೆ ತಲುಪಲಿ. ರೋಗಿಯ ಬಟ್ಟೆಯನ್ನು ಬಾವಿ, ಕೆರೆ ಹತ್ತಿರ ಒಗೆಯಬೇಡಿ. ನೀರಿನಂಥ ಭೇದಿ ಶುರುವಾದ ತಕ್ಷಣ ಓಆರ್‌ಎಸ್ ಕೊಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತಡಮಾಡಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು, ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಸಾಯುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಬಾಯಿಗೆ ಹಾಕುವ ಲಸಿಕೆಯೂ ಇದೆ. ಎರಡು ಡೋಸ್‌ಗೆ ಕನಿಷ್ಠ 3 ವರ್ಷ ರಕ್ಷಣೆ. ಲಸಿಕೆ ಸಾಲದೆ 2022ರ ಅಕ್ಟೋಬರಿನಿಂದ ರೋಗ ಹಬ್ಬಿದ ಕಡೆ ಒಂದೇ ಡೋಸ್ ಕೊಡಲಾಗುತ್ತಿದೆ. ಸಿಕ್ಕರೆ ತಪ್ಪದೆ ಹಾಕಿಸಿಕೊಳ್ಳಿ, ಆದರೆ ಲಸಿಕೆಯ ರಕ್ಷಣೆ ಇರುವಾಗಲೇ ಕೊಳವೆ, ಶೌಚಾಲಯ ಸರಿಮಾಡಿಸಲು ಬಡಾವಣೆಯವರೆಲ್ಲ ಸೇರಿ ಪಟ್ಟುಹಿಡಿಯಿರಿ.