ಎಸ್‌ಟಿಐಗೆ ದೊಡ್ಡ ಟರ್ಬೊ ಮೊದಲೇ ಬೇಡ

ನಮಸ್ಕಾರ ಸರ್. 2017ರ ಸುಬಾರು ಎಸ್‌ಟಿಐ ಕಾರು, ಇರೋದು ನ್ಯೂಜೆರ್ಸಿಯಲ್ಲಿ, ಗುರಿ 400 ಎಚ್‌ಪಿ (ಹಾರ್ಸ್‌ಪವರ್), ಮೊದಲು ದೊಡ್ಡ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳೋ ಸಾಧನ) ಹಾಕಿಸಲಾ ಅಂತ ಕೇಳಿದ್ದೀರಿ. ಟರ್ಬೊ ಕೊನೆಗೆ ಇರಲಿ.

ಗಾಡಿ ಸೆಕೆಂಡ್ ಹ್ಯಾಂಡ್ ಅಂದಿದ್ದೀರಲ್ಲ, ಮೊದಲು ಕಂಪ್ರೆಷನ್ ಮತ್ತು ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗಳಲ್ಲಿ ಒತ್ತಡ ನಿಲ್ಲುತ್ತಾ, ಸೋರುತ್ತಾ ಅಂತ ನೋಡೋದು) ಮಾಡಿಸಿ. ಈ 2.5 ಲೀಟರ್ ಇಜೆ257 ಎಂಜಿನ್ನಿನ ಹಳೇ ಕಾಯಿಲೆ ಅಂದ್ರೆ ಪಿಸ್ಟನ್ ರಿಂಗ್‌ಗಳ ನಡುವಿನ ಅಂಚು (ರಿಂಗ್‌ಲ್ಯಾಂಡ್) ಒಡೆಯೋದು, ಅದರಲ್ಲೂ ನಾಲ್ಕನೇ ಸಿಲಿಂಡರ್‌ನಲ್ಲಿ. ಟರ್ಬೊ ಗಾಳಿ ಹೆಚ್ಚು ತಳ್ಳಿ, ಇಂಜೆಕ್ಟರ್‌ಗಳಿಗೆ ಅಷ್ಟು ಪೆಟ್ರೋಲ್ ಕೊಡೋಕೆ ಆಗದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ನಾಕಿಂಗ್ (ಸಿಲಿಂಡರ್ ಒಳಗೆ ಮಿಶ್ರಣ ತಾನಾಗಿ ಸಿಡಿಯೋದು) ಶುರು. ಆಮೇಲೆ ಪಿಸ್ಟನ್ ಕಥೆ ಮುಗೀತು.

ಟೆಸ್ಟ್ ಸರಿಯಿದ್ದರೆ ಮೊದಲಿಗೆ ಬರೀ ಟ್ಯೂನ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸೋದು), 93 ಆಕ್ಟೇನ್ ಪೆಟ್ರೋಲ್‌ಗೆ. ಎಲ್ಲರಿಗೂ ಮಾರೋ ರೆಡಿಮೇಡ್ ಸೆಟ್ಟಿಂಗ್‌ಗಿಂತ (ಮ್ಯಾಪ್) ನಿಮ್ಮ ಗಾಡಿ ಓಡಿದಾಗಿನ ದಾಖಲೆ (ಲಾಗ್) ನೋಡಿ ಮಾಡಿದ ಟ್ಯೂನ್ ಮೇಲು. ಬೇರೆ ಇನ್‌ಟೇಕ್ (ಗಾಳಿ ಒಳಗೆ ಎಳೆಯೋ ಪೈಪು) ಹಾಕಿದರೆ ಗಾಳಿ ಅಳೆಯೋ ಸೆನ್ಸರಿನ ಲೆಕ್ಕ ತಪ್ಪುತ್ತೆ, ಹಾಗಾಗಿ ಮತ್ತೆ ಟ್ಯೂನ್ ಮಾಡಿಸದೆ ಓಡಿಸಬೇಡಿ.

ಮುಂದಿನದು ಡೌನ್‌ಪೈಪ್, ಅಂದ್ರೆ ಟರ್ಬೊದಿಂದ ಹೊಗೆ ಹೊರಗೆ ಒಯ್ಯೋ ಪೈಪು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯೋದು ಅಮೆರಿಕದಲ್ಲಿ ಕಾನೂನುಬಾಹಿರ, ಹಾಗಾಗಿ ಅದಿಲ್ಲದ ಡೌನ್‌ಪೈಪ್ ಬೇಡ. ಜೊತೆಗೆ ಬ್ರೇಕ್ ಪ್ಯಾಡ್, ಟಯರು, ಏರ್-ಆಯಿಲ್ ಸೆಪರೇಟರ್ (ಎಂಜಿನ್ ಗಾಳಿಯಿಂದ ಆಯಿಲ್ ಬೇರ್ಪಡಿಸೋ ಡಬ್ಬಿ). ನೋಡೋಕೆ ಬೋರು, ಆದರೆ ನನ್ನ ದುಡ್ಡಾಗಿದ್ರೆ ಇಲ್ಲೇ ಹಾಕ್ತಿದ್ದೆ.

400 ಬೇಕೇ ಬೇಕು ಅಂದ್ರೆ ಫ್ಯುಯೆಲ್ ಪಂಪ್, ಇಂಜೆಕ್ಟರ್, ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣ್ಣಗೆ ಮಾಡೋದು), ಟರ್ಬೊ ಒಟ್ಟಿಗೇ. ಫೋರ್ಜ್ಡ್ (ಹೆಚ್ಚು ಗಟ್ಟಿಯಾದ) ಪಿಸ್ಟನ್ ಇರೋ ಎಂಜಿನ್ನಿಗೂ ದುಡ್ಡು ಎತ್ತಿಟ್ಟಿರಿ. ಅಂದ ಹಾಗೆ, ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಮ್ಮೆಯಾದರೂ ಆಯಿಲ್ ಡಿಪ್‌ಸ್ಟಿಕ್ ನೋಡ್ತೀರಾ? ಟೆಸ್ಟ್ ನಂಬರ್ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.