ವರದಿ ಸಿದ್ಧವಿತ್ತು, ನಮ್ಮ ಕೈ ಸೇರಿರಲಿಲ್ಲ

ಮುಂದಿನ ತಿಂಗಳು ಪುಣೆಯಲ್ಲಿ ಹೆಂಡತಿಗೆ ಹೆರಿಗೆ, ಎರಡೂ ಮನೆತನಗಳಲ್ಲಿ ಯಾರಿಗೂ ಕಾಯಿಲೆ ಇಲ್ಲ, ಹುಟ್ಟಿದ ಮಗುವಿನ ರಕ್ತದಲ್ಲಿ 50 ಕಾಯಿಲೆಗಳನ್ನು ಹುಡುಕುವ ಪರೀಕ್ಷೆಯ ಪ್ಯಾಕೇಜ್ ಬೇಕೇ ಎಂದು ಕೇಳಿದ್ದೀರಿ. ಮುಂಬೈ ಹತ್ತಿರದ ಡೊಂಬಿವಲಿಯ ಹೆರಿಗೆ ಆಸ್ಪತ್ರೆಯಲ್ಲಿ ನಾನೂ ಇದೇ ಮಾತು ಆಡಿದ್ದೆ. ಆದರೂ ಎರಡನೆಯ ದಿನ ನರ್ಸ್ ಮಗನ ಹಿಮ್ಮಡಿ ಚುಚ್ಚಿ, ನಾಲ್ಕು ಹನಿ ರಕ್ತವನ್ನು ಕಾಗದಕ್ಕೆ ಇಳಿಸಿಕೊಂಡು ಹೋದರು.

ತಪ್ಪು ನಡೆದದ್ದು ಆ ಪರೀಕ್ಷೆಯ ಅರ್ಜಿ ತುಂಬುವಾಗ. ಎರಡು ಮೊಬೈಲ್ ನಂಬರಿಗೆ ಜಾಗವಿತ್ತು. ಗಂಡನಿಗೆ ಕಾರ್ಖಾನೆಯೊಳಗೆ ಫೋನ್ ಒಯ್ಯಲು ಬಿಡುವುದಿಲ್ಲವೆಂದು ನನ್ನದೊಂದನ್ನೇ ಬರೆದೆ. ಮನೆಗೆ ಬಂದ ದಿನವೇ, ಬಾಣಂತಿಯ ಕಣ್ಣು ಕೆಡುತ್ತದೆ ಎಂದು ಅಮ್ಮ ಆ ಮೊಬೈಲನ್ನು ಬಂದ್ ಮಾಡಿ ಕಪಾಟಿನಲ್ಲಿಟ್ಟರು. ಅಮ್ಮನನ್ನು ದೂರುವುದಿಲ್ಲ, ಕೈಯಾರೆ ಕೊಟ್ಟವಳು ನಾನು. ವರದಿ ಯಾವತ್ತು ಬರುತ್ತದೆಂದು ಕೇಳಲಿಲ್ಲ. ತರಲು ಯಾರನ್ನೂ ಕಳುಹಿಸಲಿಲ್ಲ. ತೊಂದರೆ ಇದ್ದರೆ ಆಸ್ಪತ್ರೆಯವರೇ ತಿಳಿಸುತ್ತಾರೆ, ತಿಳಿಸಿಲ್ಲವೆಂದರೆ ಮಗು ಚೆನ್ನಾಗಿದೆ ಎಂದುಕೊಂಡೆ. ಅವರು ಆರನೆಯ ದಿನದಿಂದ ಕರೆ ಮಾಡುತ್ತಲೇ ಇದ್ದರು.

ಹನ್ನೆರಡನೆಯ ದಿನ ತೊಟ್ಟಿಲ ಶಾಸ್ತ್ರ. ನಾನು ಮಗುವಾಗಿದ್ದಾಗ ಸುತ್ತುತ್ತಿದ್ದ ಹಳೆಯ ಸೀರೆಯ ತುಂಡುಗಳನ್ನು ಅಮ್ಮ ಕುಂದಾಪುರದಿಂದ ತಂದಿದ್ದರು. ಅವನ್ನು ಒಗೆಯದೆಯೇ ಮಗನಿಗೆ ಸುತ್ತಿದೆವು. ಇಡೀ ಕೋಣೆಗೆ ನುಸಿಗುಳಿಗೆಯ ವಾಸನೆ. ಮೂರು ದಿನಗಳಲ್ಲಿ ಮಗುವಿನ ಕಣ್ಣಿನ ಬಿಳಿ ಹಳದಿಯಾಯಿತು, ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತು. ಅಷ್ಟು ಪುಟ್ಟ ದೇಹಕ್ಕೆ ರಕ್ತ ಕೊಡಬೇಕಾಯಿತು. ಅವನಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ. ನುಸಿಗುಳಿಗೆಯ ನ್ಯಾಫ್ತಲೀನ್ ಅಂಥವರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದೂರವಿಡಬೇಕಾದ ವಸ್ತುಗಳ ಪಟ್ಟಿ ಆ ವರದಿಯ ಜೊತೆಗೇ ಇತ್ತು.

ಮನೆತನದ ಮಾತನ್ನು ದಯವಿಟ್ಟು ಬಿಡಿ. ಈ ಕೊರತೆ ತಾಯಿಯ ಎಕ್ಸ್ ವರ್ಣತಂತುವಿನಿಂದ ಮಗನಿಗೆ ಬರುತ್ತದೆ. ನಾನು ವಾಹಕಿ, ನನಗೆ ಒಂದು ದಿನವೂ ಅದು ತಿಳಿದಿರಲಿಲ್ಲ.

50 ಎಂಬ ಸಂಖ್ಯೆಗೂ ಮಾರುಹೋಗಬೇಡಿ. ಟ್ಯಾಂಡೆಮ್ ಮಾಸ್ ಯಂತ್ರ ಒಂದೇ ರಕ್ತದ ಚುಕ್ಕೆಯಿಂದ ಹತ್ತಾರು ಚಯಾಪಚಯ ದೋಷಗಳ (ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಯ ದೋಷಗಳು) ಸುಳಿವು ಹಿಡಿಯುತ್ತದೆ, ನಿಜ. ಆದರೆ ಜಿ6ಪಿಡಿ, ಥೈರಾಯ್ಡ್ ಕೊರತೆಗಳಿಗೆ ಬೇರೆಯೇ ಪರೀಕ್ಷೆ ಬೇಕು. ಅವು ಸೇರಿವೆಯೇ ಎಂದು ಹೆಸರು ಹಿಡಿದು ಕೇಳಿ. ಥೈರಾಯ್ಡ್ ಕೊರತೆಗೆ ಮೊದಲ ಎರಡು ವಾರಗಳಲ್ಲೇ ಮಾತ್ರೆ ಶುರುವಾಗಬೇಕು, ತಡವಾದರೆ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಹಾಲಿನ ಸಕ್ಕರೆಯ ಅಂಶವನ್ನು ದೇಹ ಬಳಸಿಕೊಳ್ಳಲಾಗದ ಗ್ಯಾಲಕ್ಟೋಸೀಮಿಯಾ ಇದ್ದರೆ ತಾಯಿಯ ಹಾಲೇ ವಿಷ. ಹಾಗಾಗಿ ಮಾಡಿಸಬೇಕೇ ಎಂದು ಕೇಳಬೇಡಿ, ಮಾಡಿಸಿ. ಹುಟ್ಟಿ 24 ಗಂಟೆ ಕಳೆದ ಮೇಲೆ, 72 ಗಂಟೆಯೊಳಗೆ ರಕ್ತ ತೆಗೆಯಲಿ. ವರದಿ ಎಷ್ಟನೆಯ ದಿನ, ಯಾರ ಕೈಗೆ ಬರುತ್ತದೆ ಎಂದು ಬರೆಸಿಕೊಳ್ಳಿ. ಅರ್ಜಿಯಲ್ಲಿ ನಿಮ್ಮ ನಂಬರನ್ನೂ ಬರೆಯಿರಿ, ಆ ದಿನ ಕರೆ ಬರದಿದ್ದರೆ ನೀವೇ ಹೋಗಿ ತನ್ನಿ.

ಮಗ ಈಗ ನಾಲ್ಕನೆಯ ತರಗತಿ, ಚೆನ್ನಾಗಿದ್ದಾನೆ. ಮುಂಬೈಯ ಮಳೆಗಾಲದಲ್ಲಿ ಮಲೇರಿಯಾ ತಗುಲಿ ಇಂಥವರ ರಕ್ತಕಣ ಒಡೆಯುವ ಪ್ರೈಮಾಕ್ವಿನ್ ಮಾತ್ರೆಯನ್ನು ಯಾರಾದರೂ ಕೊಟ್ಟಾರು ಎಂದು, ಅವನ ಶಾಲೆಯ ಗುರುತಿನ ಚೀಟಿಯ ಹಿಂದೆ ಜಿ6ಪಿಡಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಕೆಳಗೆ ಮೂರು ಫೋನ್ ನಂಬರ್‌ಗಳಿವೆ.